ಕಿವಿಯ ಹಿಂದಿನ ಮೂಳೆ: ಐದು ಸಾವಿರ ವರ್ಷಗಳ ಪಾಠ

ನಿಮ್ಮ ತೋರುಬೆರಳನ್ನು ಕಿವಿಯ ಹಿಂಬದಿಗೆ ತಂದು ಮೆಲ್ಲಗೆ ಒತ್ತಿ ನೋಡಿ. ಅಲ್ಲಿ ಕೆಳಮುಖವಾಗಿ ಇಳಿದ ಒಂದು ಗಟ್ಟಿ ಉಬ್ಬು ಸಿಗುತ್ತದೆ. ವೈದ್ಯರು ಇದನ್ನು ಮಾಸ್ಟಾಯ್ಡ್ ಎನ್ನುತ್ತಾರೆ. ಮುಟ್ಟಿದರೆ ಕಲ್ಲಿನಂತೆ ಗಟ್ಟಿ, ಆದರೆ ಒಳಗೆ ನೋಡಿದರೆ ಜೇನುಗೂಡಿನಂತೆ ಸಣ್ಣ ಸಣ್ಣ ಗಾಳಿಗೂಡುಗಳು. ತಲೆಬುರುಡೆಯ ಎರಡೂ ಪಕ್ಕಗಳಲ್ಲಿರುವ ಟೆಂಪೊರಲ್ ಮೂಳೆಯ, ಅಂದರೆ ಕಣತಲೆ ಮೂಳೆಯ, ಒಂದು ಭಾಗವಿದು.

ಈ ಮೂಳೆಯನ್ನು ಹಳೆಯ ಊರಿನ ವಠಾರಕ್ಕೆ ಹೋಲಿಸಬಹುದು. ಗೋಡೆಗೆ ಗೋಡೆ ತಾಗಿದ ಸಣ್ಣ ಸಣ್ಣ ಮನೆಗಳು, ಒಂದೊಂದರಲ್ಲೂ ಮುಖ್ಯವಾದ ಒಬ್ಬೊಬ್ಬ ನಿವಾಸಿ. ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳಿವೆ. ಇನ್ನೂ ಒಳಗೆ, ಶರೀರದಲ್ಲೇ ಅತ್ಯಂತ ಗಟ್ಟಿಯಾದ ಮೂಳೆಯ ನಡುವೆ, ಕೇಳುವ ಅಂಗವಾದ ಕಾಕ್ಲಿಯ ಮತ್ತು ಸಮತೋಲ ಕಾಯುವ ಅರ್ಧವೃತ್ತಾಕಾರದ ನಾಳಗಳಿವೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಇದೇ ಮೂಳೆಯಲ್ಲಿ ಕೊರೆದ ಕಿರಿದಾದ ಸುರಂಗದ ಮೂಲಕ ಹಾದುಹೋಗುತ್ತದೆ. ಹಿಂಬದಿಯ ಗೋಡೆಯಾಚೆ ಮೆದುಳಿನಿಂದ ರಕ್ತವನ್ನು ಹೊತ್ತು ತರುವ ದೊಡ್ಡ ರಕ್ತನಾಳ. ಮೇಲ್ಛಾವಣಿಯಾಗಿ ಒಂದು ತೆಳುವಾದ ಮೂಳೆಯ ಹಾಳೆ, ಅದರ ಮೇಲೆ ಮೆದುಳು.

ವಠಾರದ ಒಂದು ಮನೆಯಲ್ಲಿ ಹೊತ್ತಿದ ಬೆಂಕಿ ಪಕ್ಕದ ಮನೆಗೆ ಹಬ್ಬಲು ತಡವಾಗುವುದಿಲ್ಲ. ಕಿವಿಯ ಕೀವು, ಕಿವಿಗೆ ಬಿದ್ದ ಏಟು ಪ್ರಾಣಕ್ಕೆ ಎರವಾಗುವುದು ಹೀಗೆಯೇ. ಹಾಗಿದ್ದೂ "ಕಿವಿ ತಾನೆ, ಸೋರಿದರೆ ಸೋರಲಿ, ಮಗು ದೊಡ್ಡದಾದ ಮೇಲೆ ತಾನಾಗಿ ನಿಲ್ಲುತ್ತದೆ" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಈ ಮಾತು ಎಷ್ಟು ದುಬಾರಿ ಎಂಬುದನ್ನು ವೈದ್ಯಶಾಸ್ತ್ರ ಕಲಿತದ್ದು ಬಹಳ ನಿಧಾನವಾಗಿ. ಈ ಮೂಳೆಯನ್ನು ತೆರೆಯುವ ಕೈ ಮನುಷ್ಯನಿಗೆ ಬಹು ಹಿಂದೆಯೇ ಬಂದಿತ್ತು. ಯಾವಾಗ ತೆರೆಯಬೇಕು, ಯಾವಾಗ ಮುಟ್ಟಬಾರದು ಎಂಬ ತಿಳಿವು ಬರಲು ಮಾತ್ರ ಸಾವಿರಾರು ವರ್ಷಗಳು ಬೇಕಾದವು. ಈ ಲೇಖನ ಆ ತಿಳಿವಿನ ಚರಿತ್ರೆ.

ಸ್ಪೇನಿನ ಒಂದು ತಲೆಬುರುಡೆ

ಉತ್ತರ ಸ್ಪೇನಿನ ಬುರ್ಗೋಸ್ ಪ್ರಾಂತ್ಯದಲ್ಲಿ ಎಲ್ ಪೆಂಡೋನ್ ಎಂಬಲ್ಲಿ ನವಶಿಲಾಯುಗದ ಒಂದು ಕಲ್ಲುಗೋರಿ ಇದೆ. 2018ರಲ್ಲಿ ಅಲ್ಲಿ ಉತ್ಖನನ ನಡೆಸುತ್ತಿದ್ದವರಿಗೆ ವಯಸ್ಸಾದ ಹೆಂಗಸೊಬ್ಬಳ ತಲೆಬುರುಡೆ ಸಿಕ್ಕಿತು. ಸುಮಾರು 5,300 ವರ್ಷಗಳಷ್ಟು ಹಳೆಯದು. ಅದರ ಎರಡೂ ಕಿವಿಗಳ ಹಿಂದಿನ ಮೂಳೆಯಲ್ಲಿ ತೂತುಗಳಿದ್ದವು. ಎಡಗಿವಿಯ ತೂತಿನ ಅಂಚಿನಲ್ಲಿ ಹರಿತವಾದ ಆಯುಧದಿಂದ ಕೊಯ್ದ ಗೀರುಗಳೂ ಕಾಣಿಸಿದವು.

2022ರಲ್ಲಿ ವಿವರಗಳನ್ನು ಪ್ರಕಟಿಸಿದ ಸಂಶೋಧಕರು ಇದನ್ನು ಕಿವಿಯ ಶಸ್ತ್ರಚಿಕಿತ್ಸೆಯ ಅತ್ಯಂತ ಹಳೆಯ ಪುರಾವೆ ಎಂದು ವಾದಿಸಿದರು. ಆಕೆಗೆ ಎರಡೂ ಕಿವಿಗಳಲ್ಲಿ ಕೀವು ತುಂಬಿ ಮಾಸ್ಟಾಯ್ಡ್‌ಗೆ ಹಬ್ಬಿತ್ತೆಂದೂ, ಯಾರೋ ಆ ಜಾಗವನ್ನು ಕೊರೆದು ತೆರೆದಿದ್ದರೆಂದೂ ಅವರು ಊಹಿಸಿದ್ದಾರೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತೂತಿನ ಅಂಚಿನಲ್ಲಿ ಹೊಸ ಮೂಳೆ ಬೆಳೆದಿತ್ತು. ಸತ್ತವರ ಮೂಳೆ ಬೆಳೆಯುವುದಿಲ್ಲ. ಆದ್ದರಿಂದ ಆಕೆ ಆ ಕೊಯ್ತದ ನಂತರವೂ ಬದುಕಿದ್ದಳು ಎಂದಾಯಿತು. ಅರಿವಳಿಕೆ ಇಲ್ಲ, ಲೋಹದ ಉಪಕರಣವೂ ಇಲ್ಲದ ಕಾಲವದು.

ಆದರೆ ಆ ಕೈಚಳಕ ಮುಂದಿನ ಪೀಳಿಗೆಗಳಿಗೆ ಶಾಸ್ತ್ರವಾಗಿ ಸಾಗಿಬರಲಿಲ್ಲ. ಬರೆದಿಟ್ಟ ಮಾತು ಸಿಗುವುದು ಬೇರೊಂದು ನಾಡಿನಲ್ಲಿ.

ಮುಟ್ಟಬೇಡ ಎಂದ ಹಿರಿಯರು

ಈಜಿಪ್ಟಿನಲ್ಲಿ ಸಿಕ್ಕ 'ಎಡ್ವಿನ್ ಸ್ಮಿತ್ ಪಪೈರಸ್' ಸುಮಾರು ಕ್ರಿ.ಪೂ. 1600ರ ಪ್ರತಿ. ಗಾಯಗಳ ಬಗ್ಗೆ ಬರೆದ ಅತ್ಯಂತ ಹಳೆಯ ಕೈಪಿಡಿ ಇದು. ಇದರ 48 ಪ್ರಕರಣಗಳಲ್ಲಿ ಐದು ಕಣತಲೆಯ ಪೆಟ್ಟಿಗೆ ಸಂಬಂಧಿಸಿದವು. ಅವುಗಳಲ್ಲಿ ಕೊನೆಯದರಲ್ಲಿ ರೋಗಿಯ ಕಣತಲೆ ಜಜ್ಜಿಹೋಗಿದೆ, ಮೂಗು ಮತ್ತು ಕಿವಿಗಳಿಂದ ರಕ್ತ ಬರುತ್ತಿದೆ, ಮಾತು ನಿಂತಿದೆ. ಈಜಿಪ್ಟಿನ ವೈದ್ಯ ಇದನ್ನು ಚಿಕಿತ್ಸೆಗೆ ಮೀರಿದ್ದು ಎಂದು ಬರೆದಿಟ್ಟ. ಇಂದು ನಾವು ಇದನ್ನು ತಲೆಬುರುಡೆಯ ತಳ ಬಿರಿದದ್ದು ಎನ್ನುತ್ತೇವೆ. ಪೆಟ್ಟು ಹೊರಗೆ ಬಿದ್ದರೂ ಬಿರುಕು ಒಳಗಿದೆ ಎಂಬುದನ್ನು ಕಿವಿಯ ರಕ್ತವೇ ಆತನಿಗೆ ಹೇಳಿತ್ತು.

ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿ ಈ ಭಾಗದ ತಿಳಿವಳಿಕೆ ಇನ್ನಷ್ಟು ನಿರ್ದಿಷ್ಟವಾಗಿದೆ. ಶರೀರದಲ್ಲಿ 107 ಮರ್ಮಗಳನ್ನು ಅದು ಎಣಿಸುತ್ತದೆ. ಅವುಗಳಲ್ಲಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಕಿವಿ ಮತ್ತು ಹಣೆಯ ನಡುವಿನ ಜಾಗ 'ಶಂಖ'. ಅಲ್ಲಿ ಪೆಟ್ಟು ಬಿದ್ದರೆ ಕೂಡಲೇ ಪ್ರಾಣ ಹೋಗಬಹುದು. ಕಿವಿಯ ಹಿಂದೆ ಕೆಳಭಾಗದಲ್ಲಿರುವುದು 'ವಿಧುರ'. ಅಲ್ಲಿ ಗಾಯವಾದರೆ ಕಿವುಡು ಬರುತ್ತದೆ. ಶಂಖದ ಮೇಲಿರುವುದು 'ಉತ್ಕ್ಷೇಪ'; ಅಲ್ಲಿ ಬಾಣದಂಥ ವಸ್ತು ನೆಟ್ಟಿದ್ದರೆ ಅದು ಅಲ್ಲಿರುವವರೆಗೆ, ಅಥವಾ ಕೀವಾಗಿ ತಾನಾಗಿ ಬಿದ್ದುಹೋದರೆ, ರೋಗಿ ಬದುಕುತ್ತಾನೆ; ಕಿತ್ತರೆ ಸಾಯುತ್ತಾನೆ. ಗಾಯದಲ್ಲಿ ನೆಟ್ಟ ವಸ್ತುವನ್ನು ಎಳೆಯಬಾರದೆಂದು ಇಂದು ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ಕಲಿಸುವ ನಿಯಮಕ್ಕೂ ಇದಕ್ಕೂ ಎಷ್ಟು ಹತ್ತಿರ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕಿವಿ ಚುಚ್ಚುವುದರ ಬಗ್ಗೆಯೂ ಸುಶ್ರುತನ ಎಚ್ಚರಿಕೆ ಇದೆ. ಮಗುವಿನ ಕಿವಿಯ ಹಾಲೆಯನ್ನು ಎಳೆದು ಹಿಡಿದು, ಸೂರ್ಯನ ಬೆಳಕು ಎಲ್ಲಿ ತೂರಿ ಕಾಣುತ್ತದೋ ಅಲ್ಲಿ ಚುಚ್ಚಬೇಕು. ಹೆಚ್ಚು ರಕ್ತ ಬಂದರೆ, ಹೆಚ್ಚು ನೋವಾದರೆ ಜಾಗ ತಪ್ಪಿದೆ ಎಂದು ತಿಳಿಯಬೇಕು. ಲೋಹಿತಿಕಾ ಎಂಬ ರಕ್ತನಾಳಕ್ಕೆ ಸೂಜಿ ತಾಗಿದರೆ ಕತ್ತು ಸೆಟೆಯುವುದು, ಮೈ ಸೆಳೆತ, ತಲೆನೋವು ಬರುತ್ತವೆ ಎನ್ನುತ್ತಾನೆ. ಇಂದಿನ ಓದುಗರಿಗೆ ಇದು ಧನುರ್ವಾಯುವಿನ ನೆನಪು ತರುತ್ತದೆ. ಹರಿದುಹೋದ ಕಿವಿಯ ಹಾಲೆಯನ್ನು ಜೋಡಿಸಲು ಆತ 15 ಬಗೆಯ ಜೋಡಣೆಗಳನ್ನು ಹೇಳಿದ್ದು ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಗ್ರೀಕರಲ್ಲಿ ಹಿಪೊಕ್ರಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳು ಮತ್ತೊಂದು ಸಂಗತಿಯನ್ನು ಕಂಡವು. ತೀವ್ರವಾದ ಕಿವಿನೋವಿನ ಜೊತೆಗೆ ಬಿಡದ ಜ್ವರ ಸೇರಿದರೆ ರೋಗಿ ಬಡಬಡಿಸತೊಡಗಿ ಸಾಯುವ ಭಯವಿದೆ. ಎಳೆಯರು ಬೇಗ ಸಾಯುತ್ತಾರೆ. ಕೀವು ಹೊರಗೆ ಹರಿದರೆ ಆಸೆ ಇಟ್ಟುಕೊಳ್ಳಬಹುದು. ಈ ಅವಲೋಕನ ಸರಿಯಾಗಿಯೇ ಇತ್ತು. ಆದರೆ ಮುಂದಿನ ಶತಮಾನಗಳಲ್ಲಿ ಇದರಿಂದ ಒಂದು ತಪ್ಪು ತೀರ್ಮಾನವೂ ಬೆಳೆಯಿತು. ಕಿವಿಯಿಂದ ಸೋರುವ ಕೀವು ಮೆದುಳಿನ ಕೆಟ್ಟ ರಸ, ಅದು ಹೊರಗೆ ಹೋಗುವುದೇ ಒಳ್ಳೆಯದು, ತಡೆಯಬಾರದು ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಬಾಳಿತು.

ಹದಿನಾರು ವರ್ಷದ ದೊರೆ

ಕಿವಿಯ ರೋಗ ಒಂದು ದೇಶದ ರಾಜಕೀಯವನ್ನೇ ಬದಲಿಸಿದ ಪ್ರಸಂಗವೂ ಚರಿತ್ರೆಯಲ್ಲಿದೆ. ಫ್ರಾನ್ಸಿನ ದೊರೆ ಎರಡನೆಯ ಫ್ರಾನ್ಸಿಸ್ 1559ರಲ್ಲಿ ಪಟ್ಟಕ್ಕೆ ಬಂದಾಗ ಆತನಿಗೆ ಹದಿನೈದು ವರ್ಷ. ಸ್ಕಾಟ್ಲೆಂಡಿನ ರಾಣಿ ಮೇರಿ ಆತನ ಹೆಂಡತಿ. 1560ರ ನವೆಂಬರಿನಲ್ಲಿ ಓರ್ಲಿಯಾನ್ಸ್ ನಗರದಲ್ಲಿ ಆತ ಕುಸಿದುಬಿದ್ದ. ಕಿವಿಯಲ್ಲಿ ಅಸಾಧ್ಯ ನೋವು, ಕಿವಿಯ ಹಿಂದೆ ಬಾವು, ಜ್ವರ. ಆ ಕಾಲದ ಅತ್ಯಂತ ಖ್ಯಾತ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ ಬಳಿಯಲ್ಲೇ ಇದ್ದ. ಆದರೂ ಡಿಸೆಂಬರ್ 5ರಂದು ದೊರೆ ತೀರಿಕೊಂಡ. ಆಗ ಆತನಿಗೆ ಹದಿನಾರು ವರ್ಷ.

ಆತನ ಹೆಸರಿನಲ್ಲಿ ಆಳುತ್ತಿದ್ದ ಗೀಸ್ ಮನೆತನದ ಹಿಡಿತ ತಪ್ಪಿತು. ವಿಧವೆಯಾದ ಮೇರಿ ಮರುವರ್ಷ ಸ್ಕಾಟ್ಲೆಂಡಿಗೆ ಮರಳಿದಳು. ಮುಂದೆ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಸೆರೆಮನೆಗೂ ಕೊಲೆಗಂಬಕ್ಕೂ ಆಕೆಯನ್ನು ಒಯ್ದ ದಾರಿ ಅಲ್ಲಿಂದ ಶುರುವಾಯಿತು. ದೊರೆಯ ಕಿವಿಗೆ ವಿಷ ಹಾಕಿದರೆಂಬ ಗಾಳಿಮಾತೂ ಹಬ್ಬಿತ್ತು. ಕಿವಿಯ ಕೀವು ಮೆದುಳಿಗೆ ಹಬ್ಬಿ ಕೊಲ್ಲಬಹುದು ಎಂಬುದು ಗೊತ್ತಿಲ್ಲದ ಕಾಲದಲ್ಲಿ ಜನ ವಿಷವನ್ನು ಹುಡುಕಿದ್ದು ಸಹಜವೇ.

ಆ ಸಂಬಂಧವನ್ನು ಗಟ್ಟಿಯಾಗಿ ಹೇಳಿದವನು ಇಟಲಿಯ ಪಾದುವಾದ ಮೊರ್ಗಾನ್ಯಿ. ಸತ್ತವರ ಶರೀರಗಳನ್ನು ಬಿಡಿಸಿ ನೋಡಿ, ಬದುಕಿದ್ದಾಗಿನ ಲಕ್ಷಣಗಳೊಂದಿಗೆ ಹೋಲಿಸಿ ಆತ 1761ರಲ್ಲಿ ಒಂದು ಮಹಾಗ್ರಂಥವನ್ನು ಪ್ರಕಟಿಸಿದ. ಮೆದುಳಿನ ಕೀವು ಕಿವಿಗೆ ಇಳಿಯುವುದಲ್ಲ, ಕಿವಿಯ ಕೀವೇ ಮೆದುಳಿಗೆ ಏರುತ್ತದೆ ಎಂಬುದು ಆತನ ವಾದವಾಗಿತ್ತು. ಬಾಣದ ದಿಕ್ಕು ತಿರುಗಿತು. ಕಿವಿ ಸೋರುವುದು ರೋಗದ ಪರಿಹಾರವಲ್ಲ, ಅದೇ ರೋಗ ಎಂದಾಯಿತು.

ಒಂದು ಸಾವು, ಎಂಬತ್ತು ವರ್ಷಗಳ ಹಿನ್ನಡೆ

ಹಾಗಾದರೆ ಕೀವು ತುಂಬಿದ ಮೂಳೆಯನ್ನು ತೆರೆದುಬಿಡಬಹುದಲ್ಲ? ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನ ಝಾನ್ ಲೂಯಿ ಪೆತಿ ಹಾಗೆ ಮಾಡಿ ರೋಗಿಗಳನ್ನು ಉಳಿಸಿದ. ಆತನ ಬರಹ ಬೆಳಕಿಗೆ ಬಂದದ್ದು ಸತ್ತ ನಂತರ, 1774ರಲ್ಲಿ. 1776ರಲ್ಲಿ ಪ್ರಷ್ಯದ ಸೇನಾ ವೈದ್ಯ ಯಾಸರ್ ಕಿವಿ ಸೋರುತ್ತಿದ್ದ ಸೈನಿಕನೊಬ್ಬನ ಮಾಸ್ಟಾಯ್ಡ್ ತೆರೆದು, ಒಳಗೆ ಪಿಚಕಾರಿಯಿಂದ ದ್ರವ ಹಾಯಿಸಿದ. ಅದು ಮೂಗಿನಿಂದ ಹೊರಬಂತು! ನಡುಗಿವಿಯಿಂದ ಗಂಟಲಿಗೆ ಸಂಪರ್ಕಿಸುವ ಯುಸ್ಟೇಷಿಯನ್ ನಾಳವೇ ಇದಕ್ಕೆ ಕಾರಣ. ಸೈನಿಕನಿಗೆ ಗುಣವಾಯಿತು, ಕಿವಿಯೂ ಮೊದಲಿಗಿಂತ ಚೆನ್ನಾಗಿ ಕೇಳಿಸಿತು.

ಸುದ್ದಿ ಹಬ್ಬಿತು. ಸುದ್ದಿಯ ಜೊತೆಗೆ ಅತಿಯಾಸೆಯೂ ಹಬ್ಬಿತು. ಮಾಸ್ಟಾಯ್ಡ್ ಕೊರೆದರೆ ಕಿವುಡು ಹೋಗುತ್ತದೆ ಎಂದು ಕೆಲವರು ಭಾವಿಸಿದರು. ಡೆನ್ಮಾರ್ಕಿನ ಅರಮನೆಯ ವೈದ್ಯ ಫಾನ್ ಬೆರ್ಗರ್ ಹಾಗೆ ಭಾವಿಸಿದವರಲ್ಲಿ ಒಬ್ಬ. ವಯಸ್ಸಾಗಿದ್ದ ಆತನಿಗೆ ಕಿವಿ ಮಂದವಾಗಿತ್ತು, ಕಿವಿಯಲ್ಲಿ ಸದಾ ಮೊರೆತ. ಕೀವು ಇರಲಿಲ್ಲ. ಆದರೂ ಶಸ್ತ್ರಕ್ರಿಯೆ ಬೇಕೆಂದು ಹಟ ಹಿಡಿದ. 1791ರಲ್ಲಿ ಸಹವೈದ್ಯನೊಬ್ಬ ಆತನ ಮೂಳೆ ಕೊರೆದ. ಕೆಲವೇ ದಿನಗಳಲ್ಲಿ ಮೆದುಳುಪೊರೆಗೆ ಸೋಂಕು ತಗಲಿ ಬೆರ್ಗರ್ ಸತ್ತ.

ಸತ್ತವನು ಸಾಮಾನ್ಯನಲ್ಲ, ರಾಜವೈದ್ಯ. ಯುರೋಪಿನ ವೈದ್ಯರು ಈ ಶಸ್ತ್ರಕ್ರಿಯೆಯನ್ನೇ ಕೈಬಿಟ್ಟರು. ತಪ್ಪು ಇದ್ದದ್ದು ಶಸ್ತ್ರಕ್ರಿಯೆಯಲ್ಲಲ್ಲ, ಬೇಡದ ರೋಗಿಗೆ ಅದನ್ನು ಮಾಡಿದ್ದರಲ್ಲಿ ಮತ್ತು ಕ್ರಿಮಿಗಳ ಬಗೆಗಿನ ಅಜ್ಞಾನದಲ್ಲಿ. ಆದರೆ ಬೇಕಾದ ರೋಗಿಗೂ ಅದು ಸಿಗದಂತಾಯಿತು. ಮುಂದಿನ ಸುಮಾರು ಎಂಬತ್ತು ವರ್ಷಗಳ ಕಾಲ ಕಿವಿಯ ಹಿಂದೆ ಬಾವು ಬಂದ ಎಷ್ಟೋ ಮಕ್ಕಳು ಈ ಭಯದಿಂದಾಗಿ ಸತ್ತಿರಬೇಕು. ವಿಜ್ಞಾನದಲ್ಲಿ ಒಂದು ವಿಫಲ ಪ್ರಯೋಗದ ಕಾರಣವನ್ನು ಪರೀಕ್ಷಿಸದೆ ಇಡೀ ವಿಧಾನವನ್ನೇ ತಿರಸ್ಕರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ತಂದೆ ಮತ್ತು ಮಗ

ಬೀಗ ತೆರೆದದ್ದು ಹಂತಹಂತವಾಗಿ. ಮೊದಲು ಕಿವಿಯ ಒಳಗೆ ಬೆಳಕು ಬೇಕಿತ್ತು. ಜರ್ಮನಿಯ ಫಾನ್ ಟ್ರೋಲ್ಚ್ 1855ರ ಹೊತ್ತಿಗೆ, ನಡುವೆ ತೂತಿರುವ ನಿಮ್ನ ಕನ್ನಡಿಯಿಂದ ಬೆಳಕನ್ನು ಕಿವಿಯೊಳಗೆ ಬೀಳಿಸಿ ಕಿವಿತಮಟೆಯನ್ನು ನೋಡುವ ವಿಧಾನವನ್ನು ಬಳಕೆಗೆ ತಂದ. ನಿಮ್ನ ದರ್ಪಣ ಬೆಳಕನ್ನು ಒಂದೆಡೆ ಕೇಂದ್ರೀಕರಿಸುತ್ತದೆ ಎಂದು ಪ್ರೌಢಶಾಲೆಯಲ್ಲಿ ಓದುತ್ತೇವಷ್ಟೆ. ವೈದ್ಯರ ಹಣೆಯ ಮೇಲೆ ಕಾಣುತ್ತಿದ್ದ ಆ ದುಂಡು ಕನ್ನಡಿ ಅದರದೇ ಪ್ರಯೋಗ. ಅದಕ್ಕೂ ಮುನ್ನ, 1846ರಲ್ಲಿ ಈಥರ್ ಅರಿವಳಿಕೆ ಬಂದಿತ್ತು. 1867ರಲ್ಲಿ ಲಿಸ್ಟರ್ ಕ್ರಿಮಿನಾಶಕ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ.

ಈ ನಡುವೆ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ವಿಲಿಯಂ ವೈಲ್ಡ್ ಎಂಬ ಕಣ್ಣು ಕಿವಿ ವೈದ್ಯನಿದ್ದ. 1844ರಲ್ಲಿ ಆತ ಬಡವರಿಗಾಗಿ ಆಸ್ಪತ್ರೆ ತೆರೆದ. 1853ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಹೆಸರುವಾಸಿಯಾದ ಪುಸ್ತಕ ಬರೆದ. ಕಿವಿಯ ಹಿಂದೆ ಬಾವು ಬಂದಾಗ ಮೂಳೆಯವರೆಗೆ ಕೊಯ್ದು ಕೀವು ಹೊರಹಾಕುವ 'ವೈಲ್ಡ್ ಕೊಯ್ತ' ಅನೇಕರನ್ನು ಉಳಿಸಿತು. ಮೂಳೆಯನ್ನು ಆತ ತೆರೆಯಲಿಲ್ಲ, ಅದರ ಬಾಗಿಲವರೆಗೆ ಹೋದ. ಕಿವಿ ಸೋರುತ್ತಿರುವವರೆಗೆ ಅದರ ಕೊನೆ ಏನಾದೀತೆಂದು ಹೇಳಲಾಗದು ಎಂಬುದು ಆತ ವೈದ್ಯರಿಗೆ ಕೊಟ್ಟ ಎಚ್ಚರಿಕೆಯಾಗಿತ್ತು.

1873ರಲ್ಲಿ ಜರ್ಮನಿಯ ಹಾಲೆ ನಗರದ ಹೆರ್ಮನ್ ಶ್ವಾರ್ಟ್ಸ ತನ್ನ ಶಿಷ್ಯ ಐಸೆಲ್ ಜೊತೆಗೂಡಿ ಮಾಸ್ಟಾಯ್ಡ್ ಶಸ್ತ್ರಕ್ರಿಯೆಯನ್ನು ಶಾಸ್ತ್ರಬದ್ಧವಾಗಿ ವಿವರಿಸಿದ. ಬಡಿಗೆ ಮತ್ತು ಉಳಿಯಿಂದ ಮೂಳೆಯನ್ನು ಪದರಪದರವಾಗಿ ತೆಗೆಯುವ ಕ್ರಮವದು. ಅದಕ್ಕಿಂತ ಮುಖ್ಯವಾದದ್ದು, ಇದನ್ನು ಯಾವ ರೋಗಿಗೆ ಮಾಡಬೇಕು ಎಂದು ಆತ ಗೆರೆ ಎಳೆದು ಹೇಳಿದ್ದು. ಬೆರ್ಗರ್‌ನಂಥವನಿಗೆ ಆ ಗೆರೆಯೊಳಗೆ ಜಾಗವಿರಲಿಲ್ಲ. ಗ್ಲಾಸ್ಗೋ ನಗರದ ವಿಲಿಯಂ ಮೆಕ್ಯುಅನ್ ಇನ್ನೂ ಮುಂದೆ ಹೋದ. ಮೆದುಳಿನಲ್ಲೇ ಕೀವು ಕಟ್ಟಿದ 19 ಮಂದಿಗೆ ಶಸ್ತ್ರಕ್ರಿಯೆ ಮಾಡಿ 18 ಮಂದಿಯನ್ನು ಉಳಿಸಿದ್ದಾಗಿ 1893ರ ತನ್ನ ಗ್ರಂಥದಲ್ಲಿ ದಾಖಲಿಸಿದ. ಎಕ್ಸ್-ಕಿರಣ ಕೂಡ ಇಲ್ಲದ ದಿನಗಳಲ್ಲಿ ಬರಿಯ ಲಕ್ಷಣಗಳನ್ನು ಓದಿ ಸಾಧಿಸಿದ ಫಲಿತಾಂಶವದು.

ವಿಲಿಯಂ ವೈಲ್ಡ್ 1876ರಲ್ಲಿ ತೀರಿಕೊಂಡ. ಆತನ ಮಗನ ಹೆಸರು ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಚಿರಪರಿಚಿತ: ಆಸ್ಕರ್ ವೈಲ್ಡ್. 1895ರಲ್ಲಿ ಜೈಲು ಸೇರಿದ ಆಸ್ಕರ್‌ನ ಕಿವಿ ಅಲ್ಲಿ ಕೆಟ್ಟಿತು. ಕಿವಿತಮಟೆ ತೂತಾಗಿದೆ, ಕೇಳುವುದು ಕಡಿಮೆಯಾಗುತ್ತಿದೆ, ಸರಿಯಾದ ಚಿಕಿತ್ಸೆ ಇಲ್ಲ ಎಂದು 1896ರ ಜುಲೈನಲ್ಲಿ ಆತ ಬ್ರಿಟನ್ನಿನ ಗೃಹಮಂತ್ರಿಗೆ ಮನವಿ ಬರೆದ. ಬಿಡುಗಡೆಯ ನಂತರ ಪ್ಯಾರಿಸಿನ ಹೋಟೆಲ್ ಕೋಣೆಯೊಂದರಲ್ಲಿ 1900ರ ಅಕ್ಟೋಬರಿನಲ್ಲಿ ಆತನ ಕಿವಿಗೆ ಶಸ್ತ್ರಕ್ರಿಯೆ ನಡೆಯಿತು. ನವೆಂಬರ್ 30ರಂದು ಆತ ಸತ್ತ, ವಯಸ್ಸು 46. ಸಾವಿನ ಕಾರಣದ ಬಗ್ಗೆ ಬಹುಕಾಲ ವಾದವಿತ್ತು. 2000ನೇ ಇಸವಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ವೈದ್ಯರು, ದೀರ್ಘಕಾಲದ ಕಿವಿರೋಗ ಮೆದುಳಿಗೆ ಹಬ್ಬಿದ್ದೇ ಕಾರಣ ಎಂದು ವಾದಿಸಿದ್ದಾರೆ. ಕಿವಿ ಸೋರುವುದನ್ನು ಹಗುರವಾಗಿ ಎಣಿಸಬೇಡಿ ಎಂದು ಲೋಕಕ್ಕೆ ಹೇಳಿದ ವೈದ್ಯನ ಮಗನಿಗೇ ಆ ರೋಗ ಮುಳುವಾಯಿತು. ಶಾಸ್ತ್ರ ಪುಸ್ತಕದಲ್ಲಿದ್ದರೆ ಸಾಲದು, ಕಾಲಕ್ಕೆ ಸರಿಯಾಗಿ ರೋಗಿಯ ಬಳಿಗೂ ಬರಬೇಕು.

ಏಟಿನ ಗುರುತುಗಳು

ಸೋಂಕಿನ ಚರಿತ್ರೆಯ ಜೊತೆಜೊತೆಗೇ ಏಟಿನ ಚರಿತ್ರೆಯೂ ಸಾಗಿತು. ಲಂಡನ್ನಿನ ವೈದ್ಯ ವಿಲಿಯಂ ಹೆನ್ರಿ ಬ್ಯಾಟಲ್ 1890ರಲ್ಲಿ ಒಂದು ಗುರುತಿನ ಕಡೆ ಗಮನ ಸೆಳೆದ. ತಲೆಗೆ ಪೆಟ್ಟು ಬಿದ್ದು ಒಂದೆರಡು ದಿನಗಳಲ್ಲಿ ಕಿವಿಯ ಹಿಂದೆ ನೀಲಿಗಟ್ಟಿದರೆ, ಅಲ್ಲಿಗೆ ನೇರವಾಗಿ ಏಟು ಬೀಳದಿದ್ದರೂ, ಒಳಗೆ ತಲೆಬುರುಡೆಯ ತಳ ಬಿರಿದಿರಬಹುದು. ಇಂದಿಗೂ ಇದನ್ನು 'ಬ್ಯಾಟಲ್ ಚಿಹ್ನೆ' ಎಂದೇ ಕರೆಯುತ್ತಾರೆ.

ಸಮತೋಲದ ಅಂಗವನ್ನು ಪರೀಕ್ಷಿಸುವ ಬಗೆ ತಿಳಿದದ್ದು ವಿಯೆನ್ನಾದಲ್ಲಿ. ರಾಬರ್ಟ್ ಬಾರಾನಿ ಎಂಬ ಯುವ ವೈದ್ಯ ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದಾಗ ಅವರಿಗೆ ತಲೆಸುತ್ತು ಬರುತ್ತಿತ್ತು, ಕಣ್ಣುಗುಡ್ಡೆಗಳು ಅತ್ತಿತ್ತ ಆಡುತ್ತಿದ್ದವು. ನೀರು ತಣ್ಣಗಿದ್ದರೆ ಕಣ್ಣು ಒಂದು ದಿಕ್ಕಿಗೆ, ಬಿಸಿಯಾಗಿದ್ದರೆ ಇನ್ನೊಂದು ದಿಕ್ಕಿಗೆ. ಬಿಸಿಯಾದ ದ್ರವ ಮೇಲೇಳುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ ಎಂಬ ಸಂವಹನದ ನಿಯಮವನ್ನು ಆತ ಒಳಗಿವಿಯ ದ್ರವಕ್ಕೆ ಅನ್ವಯಿಸಿದ. ಕಣ್ಣು ಆಡದಿದ್ದರೆ ಆ ಬದಿಯ ಸಮತೋಲದ ಅಂಗ ಕೆಲಸ ಮಾಡುತ್ತಿಲ್ಲ ಎಂದರ್ಥ. ಇದಕ್ಕಾಗಿ 1914ರ ನೊಬೆಲ್ ಪ್ರಶಸ್ತಿ ಬಂದಾಗ ಆತ ಮೊದಲ ಮಹಾಯುದ್ಧದಲ್ಲಿ ರಷ್ಯದ ಯುದ್ಧಕೈದಿಯಾಗಿದ್ದ! ಸ್ವೀಡನ್ನಿನ ರಾಜಮನೆತನದ ಪ್ರಯತ್ನದಿಂದ 1916ರಲ್ಲಿ ಬಿಡುಗಡೆ ದೊರೆಯಿತು.

ಔಷಧ ಬಂತು, ಉಳಿ ಹೋಯಿತು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಯುರೋಪ್ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಮಾಸ್ಟಾಯ್ಡ್ ಶಸ್ತ್ರಕ್ರಿಯೆ ದಿನನಿತ್ಯದ ಕೆಲಸವಾಗಿತ್ತು. 1935ರಲ್ಲಿ ಡೋಮಾಕ್ ಪ್ರಕಟಿಸಿದ ಸಲ್ಫಾ ಔಷಧ, 1940ರ ದಶಕದ ಪೆನಿಸಿಲಿನ್ ಈ ಚಿತ್ರವನ್ನು ಬದಲಿಸಿದವು. ಕಿವಿಯ ಸೋಂಕು ಮೂಳೆಗೆ ಹಬ್ಬುವ ಮೊದಲೇ ಔಷಧದಿಂದ ತಡೆಯುವುದು ಸಾಧ್ಯವಾಯಿತು.

ಶಸ್ತ್ರಕ್ರಿಯೆಯ ಸ್ವರೂಪವೂ ಬದಲಾಯಿತು. 1921ರಲ್ಲಿ ಸ್ವೀಡನ್ನಿನ ನೈಲೆನ್ ಕಿವಿಯ ಶಸ್ತ್ರಕ್ರಿಯೆಗೆ ಮೊದಲ ಬಾರಿ ಸೂಕ್ಷ್ಮದರ್ಶಕ ಬಳಸಿದ. 1953ರಲ್ಲಿ ಜರ್ಮನಿಯ ಝೈಸ್ ಕಂಪನಿ ಇದಕ್ಕೆಂದೇ ಸೂಕ್ಷ್ಮದರ್ಶಕ ತಯಾರಿಸಿತು. ಉಳಿಯ ಜಾಗಕ್ಕೆ ವಿದ್ಯುತ್ ಡ್ರಿಲ್ ಬಂತು. ಕೀವು ತೆಗೆದು ಪ್ರಾಣ ಉಳಿಸುವುದರ ಜೊತೆಗೆ ಕಿವಿತಮಟೆಯನ್ನು ಹೊಸದಾಗಿ ಕಟ್ಟಿ ಕೇಳುವಿಕೆಯನ್ನೂ ಮರಳಿಸುವುದು ಸಾಧ್ಯವಾಯಿತು. 1971ರಲ್ಲಿ ಬಂದ ಸಿ.ಟಿ. ಸ್ಕ್ಯಾನ್ ಮುಂದಿನ ವರ್ಷಗಳಲ್ಲಿ ಬೆಳೆದಂತೆ ಮೂಳೆಯ ಕೂದಲೆಳೆಯಷ್ಟು ಬಿರುಕೂ ಕಾಣತೊಡಗಿತು.

ನಮ್ಮ ರಾಜ್ಯಕ್ಕೆ ಈ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಕೇಳುವಿಕೆಯ ತೊಂದರೆಗಳನ್ನು ಪರೀಕ್ಷಿಸುವ, ತಜ್ಞರನ್ನು ತರಬೇತುಗೊಳಿಸುವ ಕೆಲಸದಲ್ಲಿ ಅದು ದೇಶಕ್ಕೇ ಮೇಲ್ಪಂಕ್ತಿ ಹಾಕಿತು. ಕಿವುಡನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಪ್ರಾರಂಭವಾಯಿತು. ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಕೇಳುವಿಕೆಯ ಕೊರತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. ಮಕ್ಕಳಲ್ಲಿ ಕಾಣುವ ಕಿವುಡಿನ ಬಹುಪಾಲು ತಡೆಯಬಹುದಾದದ್ದು ಎಂಬುದೂ ಅದೇ ಸಂಸ್ಥೆಯ ಅಭಿಪ್ರಾಯ.

ಔಷಧ ಬಂದ ಮೇಲೆ ಅಪಾಯ ಪೂರ್ತಿ ಹೋಯಿತೆಂದಲ್ಲ. ಕೊಲೆಸ್ಟಿಯಾಟೋಮ ಎಂಬ ರೋಗದಲ್ಲಿ ಚರ್ಮದ ಪೊರೆ ನಡುಗಿವಿಯೊಳಗೆ ಬೆಳೆದು ಮೂಳೆಯನ್ನು ಮೆಲ್ಲನೆ ಸವೆಸುತ್ತದೆ. ದುರ್ವಾಸನೆಯ ಸೋರಿಕೆ ಅದರ ಗುರುತು. ಅದಕ್ಕೆ ಇಂದಿಗೂ ಶಸ್ತ್ರಕ್ರಿಯೆಯೇ ದಾರಿ. ಅರ್ಧಕ್ಕೇ ನಿಲ್ಲಿಸಿದ ಔಷಧವೂ ರೋಗವನ್ನು ಮರೆಮಾಡಬಹುದೇ ಹೊರತು ವಾಸಿಮಾಡಲಾರದು.

ವಿದ್ಯಾರ್ಥಿಗಳು ನೆನಪಿಡಬೇಕಾದದ್ದು

ಈ ಚರಿತ್ರೆ ನಮಗೆ ಕೆಲವು ನೇರವಾದ ಪಾಠಗಳನ್ನು ಬಿಟ್ಟುಹೋಗಿದೆ.

ಬೈಕಿನಿಂದ ಬಿದ್ದವರ ಕಿವಿಯಿಂದ ರಕ್ತ ಅಥವಾ ತಿಳಿನೀರು ಬರುತ್ತಿದ್ದರೆ ಹತ್ತಿ ತುರುಕಬಾರದು, ತೊಳೆಯಬಾರದು, ಹನಿ ಹಾಕಬಾರದು. ಆ ತಿಳಿನೀರು ಮೆದುಳಿನ ಸುತ್ತಲಿನ ದ್ರವ ಆಗಿರಬಹುದು. ಮೇಲೆ ಶುದ್ಧವಾದ ಬಟ್ಟೆಯನ್ನು ಸಡಿಲವಾಗಿ ಇಟ್ಟು, ಕತ್ತು ಅಲುಗದಂತೆ ಆಸ್ಪತ್ರೆಗೆ ಸಾಗಿಸಬೇಕು. ಮುಖದ ಒಂದು ಬದಿ ವಾಲಿದ್ದರೆ, ಅದು ಏಟು ಬಿದ್ದ ಕೂಡಲೇ ವಾಲಿತೋ, ಒಂದೆರಡು ದಿನ ಕಳೆದು ವಾಲಿತೋ ಎಂಬುದನ್ನು ವೈದ್ಯರಿಗೆ ಹೇಳಬೇಕು. ಕೂಡಲೇ ವಾಲಿದ್ದರೆ ನರ ತುಂಡಾಗಿರುವ ಸಂಭವ ಹೆಚ್ಚು. ತಡವಾಗಿದ್ದರೆ ಬಾವಿನಿಂದ ಒತ್ತಡ ಬಿದ್ದಿರಬಹುದು. ಚಿಕಿತ್ಸೆಯ ನಿರ್ಧಾರ ಇದನ್ನು ಅವಲಂಬಿಸಿದೆ. ಕಿವಿಯನ್ನೂ ಮುಚ್ಚುವ, ಪಟ್ಟಿ ಬಿಗಿದ ಹೆಲ್ಮೆಟ್ಟು ಈ ಮೂಳೆಗೆ ಸಿಗುವ ದೊಡ್ಡ ರಕ್ಷಣೆ.

ಅಂಗೈ ಬೀಸಿ ಕಪಾಳಕ್ಕೆ ಹೊಡೆದಾಗ ಕಿವಿಯ ನಾಳದಲ್ಲಿರುವ ಗಾಳಿ ತಟ್ಟನೆ ಒತ್ತಲ್ಪಟ್ಟು ಕಿವಿತಮಟೆ ಹರಿಯಬಹುದು. ಆಟದಲ್ಲಿಯೂ ಕೋಪದಲ್ಲಿಯೂ ಇದು ಕೂಡದು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ ಎಂಬುದನ್ನೂ ತಿಳಿದಿರಬೇಕು. ಹರಿದ ತಮಟೆ ಬಹುಪಾಲು ತಾನಾಗಿ ಕೂಡಿಕೊಳ್ಳುತ್ತದೆ, ಆದರೆ ಆವರೆಗೆ ಕಿವಿಗೆ ನೀರು ಹೋಗಬಾರದು.

ಗುಗ್ಗೆ ತೆಗೆಯಲು ಪಿನ್ನು, ಬೆಂಕಿಕಡ್ಡಿ, ಬೀಗದ ಕೈ ಬಳಸಬಾರದು. ಮಗು ಕಿವಿಗೆ ಕಡಲೆಕಾಳು ಹಾಕಿಕೊಂಡರೆ ನೀರು ಹಾಕಬಾರದು, ಕಾಳು ಉಬ್ಬಿಕೊಳ್ಳುತ್ತದೆ. ಆಟಿಕೆ, ಗಡಿಯಾರಗಳ ಗುಂಡಿಯಾಕಾರದ ಪುಟ್ಟ ಬ್ಯಾಟರಿ ಹೋದರೆ ಒಂದು ಗಂಟೆಯೂ ಕಾಯಬಾರದು. ಅದು ಒಳಗಿನ ಚರ್ಮವನ್ನೇ ಸುಡುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ನಾಳೆ ನೋಡೋಣ ಎನ್ನದೆ ಆ ದಿನವೇ ವೈದ್ಯರನ್ನು ಕಾಣಬೇಕು.

ಕೊನೆಯದಾಗಿ, ಕಿವಿ ಸೋರುತ್ತಿರುವ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲಿದ್ದರೆ ಹಿರಿಯರಿಗೆ ನೆನಪಿಸುವ ಕೆಲಸ ನಿಮ್ಮದು. ಜ್ವರ, ತಲೆನೋವು, ವಾಂತಿ, ತಲೆಸುತ್ತು, ಕಿವಿಯ ಹಿಂದೆ ಬಾವು ಬಂದು ಕಿವಿ ಮುಂದಕ್ಕೆ ಚಾಚಿದಂತೆ ಕಾಣುವುದು, ಮುಖ ವಾಲುವುದು, ಕತ್ತು ಸೆಟೆಯುವುದು: ಇವುಗಳಲ್ಲಿ ಒಂದು ಕಂಡರೂ ಅದು ತುರ್ತುಪರಿಸ್ಥಿತಿ. ಎರಡನೆಯ ಫ್ರಾನ್ಸಿಸ್ ದೊರೆಗೆ ಇಡೀ ರಾಜ್ಯದ ಸಂಪತ್ತೂ ಕೊಡಿಸಲಾಗದಿದ್ದ ಚಿಕಿತ್ಸೆ ಇಂದು ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಸಿಗುತ್ತದೆ. ಅಲ್ಲಿಗೆ ಸಕಾಲದಲ್ಲಿ ಹೋಗುವುದೊಂದೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.